ಗಡಿಗೆಪ್ಪ ಹೂಳಿದ ಬೆಳ್ಳಿ

ದೇವದುರ್ಗ ತಾಲೂಕಿನ ಗೂಗಿಬಂಡಿ ಎಂಬ ಊರಿನಲ್ಲಿ ಬೂದೆಮ್ಮನ ತವರುಮನೆಗೆ ‘ಬೆಳ್ಳಿಕಳ್ಳರ ಮನಿ’ ಎಂದು ಹೆಸರು. ಟಪಾಲು ತರುವವನೂ ಹಾಗೇ ಕೇಳಿಕೊಂಡು ಬರುತ್ತಿದ್ದ. ಆ ಹೆಸರು ಬಿದ್ದಾಗ ಬೂದೆಮ್ಮನಿಗೆ ಎಂಟು ವರ್ಷ.

ಅದು ನಲವತ್ತೆಂಟು, ರಜಾಕಾರರ ಗಲಾಟೆಯ ವರ್ಷ. ಊರು ಬಿಡುವ ಮಾತು ಎಲ್ಲರ ಬಾಯಲ್ಲೂ ಇತ್ತು. ಆಗಿನ ಮುದಿಗೌಡರು ಊರಮ್ಮನ ಬೆಳ್ಳಿಯನ್ನೆಲ್ಲ, ಅಂದರೆ ಮುಖ, ಕಿರೀಟ, ಒಂದು ಜೊತೆ ಪಾದ, ತಾಮ್ರದ ಕೊಡದಲ್ಲಿ ತುಂಬಿ, ಮನೆಯ ಆಳು ಗಡಿಗೆಪ್ಪನೊಬ್ಬನನ್ನೇ ಕರೆದುಕೊಂಡು ಹೋಗಿ ತಮ್ಮ ಕಣದಲ್ಲಿ ಹೂಳಿಸಿದರು. ಈ ಗಡಿಗೆಪ್ಪನೇ ಬೂದೆಮ್ಮನ ಅಪ್ಪ. ರಾಶಿ ಮಾಡುವಾಗ ಎತ್ತು ತಿರುಗಿಸಲು ಕಣದ ನಡುವೆ ನೆಡುವ ಕಂಬಕ್ಕೆ ಮೇಟಿ ಎನ್ನುತ್ತಾರೆ. ಮೇಟಿಯಿಂದ ಮೂಡಲಕ್ಕೆ ಹನ್ನೆರಡು ಹೆಜ್ಜೆ, ಒಂದು ಮೊಳ ಆಳ. ಆ ಅಳತೆಯನ್ನು ಗಡಿಗೆಪ್ಪ ಸಾಯುವತನಕ ಹೇಳುತ್ತಿದ್ದ.

ಹೂಳಿದ ವಾರದಲ್ಲೇ ಅವನು ಹೆಂಡತಿ ಮಗಳನ್ನು ಕಟ್ಟಿಕೊಂಡು ಮಾನ್ವಿ ಕಡೆಗೆ ಓಡಿಹೋದ. ಇತ್ತ ಮುದಿಗೌಡರು ಜ್ವರ ಬಂದು ತೀರಿಕೊಂಡರು. ‘ಬೆಳ್ಳಿ ಎಲ್ಲದ ಅಂತ ಗಡಿಗೆಪ್ಪಗ ಗೊತ್ತದ’ ಎಂದಷ್ಟೇ ಹೇಳಿ ಹೋದರಂತೆ. ಗಲಾಟೆ ತಣ್ಣಗಾಗಿ ಸುಗ್ಗಿಯ ಹೊತ್ತಿಗೆ ಗಡಿಗೆಪ್ಪ ತಿರುಗಿ ಬಂದ. ಮುದಿಗೌಡರ ಮಗ, ಆಗ ಹೊಸದಾಗಿ ಗೌಡನಾದವನು, ಅವನನ್ನು ಕಣಕ್ಕೆ ಕರೆದೊಯ್ದ. ಗಡಿಗೆಪ್ಪ ಮೇಟಿಯಿಂದ ಹನ್ನೆರಡು ಹೆಜ್ಜೆ ಎಣಿಸಿ ಅಗೆದ. ಬರೀ ಮಣ್ಣು.

“ಮೇಟಿ ಜರುಗ್ಯದ್ರಿ ಗೌಡ್ರ. ಇದು ಮೊದಲಿನ ಜಾಗ ಅಲ್ಲ,” ಎಂದ.

“ಮೇಟಿಗಿ ಕಾಲು ಬಂದ್ವೇನಲೇ?” ಎಂದ ಗೌಡ. ಅದೇ ಮೇಟಿಗೆ ಅವನನ್ನು ಕಟ್ಟಿಸಿದ.

ಬೂದೆಮ್ಮ ಬೇಲಿಯ ಹೊರಗೆ ನಿಂತು ನೋಡಿದಳು. ಎಷ್ಟು ಹೊತ್ತು ಹೊಡೆದರೆಂಬುದು ಅವಳಿಗೆ ನೆನಪಿಲ್ಲ. ಅಪ್ಪ ಕೊನೆಯವರೆಗೂ “ಅಲ್ಲೇ ಅದ” ಎನ್ನುತ್ತಿದ್ದದ್ದು ನೆನಪಿದೆ. ಅವನು ಇನ್ನೂ ಇಪ್ಪತ್ತೊಂದು ವರ್ಷ ಬದುಕಿದ. ಬಲಗೈಯನ್ನು ಹೆಗಲಿಗಿಂತ ಮೇಲೆ ಎತ್ತಲು ಅವನಿಗೆ ಮತ್ತೆಂದೂ ಆಗಲಿಲ್ಲ.

ಬೂದೆಮ್ಮನನ್ನು ಮಾನ್ವಿ ತಾಲೂಕಿನಲ್ಲಿ, ಕಲ್ಲೂರಿನಾಚೆಯ ಒಂದು ಸಣ್ಣ ಹಳ್ಳಿಗೆ ಕೊಟ್ಟರು. ಗಂಡ ಸುಂಕಪ್ಪ ಒಳ್ಳೆಯವನು, ಮಾತು ಕಡಿಮೆ. ಎಪ್ಪತ್ತೊಂಬತ್ತರಲ್ಲಿ ಆ ಹಳ್ಳಿಗೆ ಬಾಲವಾಡಿ ಬಂದಾಗ ಆಯಾ ಕೆಲಸಕ್ಕೆ ಬೂದೆಮ್ಮನ ಹೆಸರು ಬರೆದುಕೊಂಡು ಹೋದರು. ಅವಳು ಸಹಿ ಮಾಡಲು ಕಲಿತದ್ದೇ ಆಗ. ಆದರೆ ಗೂಗಿಬಂಡಿ ಗೌಡರ ಬೀಗರೊಬ್ಬರು ಅಲ್ಲಿದ್ದರು. “ಅಮ್ಮನ ಬೆಳ್ಳೀನ ಬಿಡದಿದ್ದವರು ಹುಡುಗರ ರವಾ ಬಿಡ್ತಾರೇನು? ಆಕಿ ಕೈಯಾಗ ಕೋಣಿ ಕೀಲಿ ಕೊಡಬ್ಯಾಡ್ರಿ,” ಎಂದರು. ಹೆಸರು ಹೊಡೆದುಹಾಕಿದರು. ಅಪ್ಪ ಸತ್ತು ಒಂಬತ್ತು ವರ್ಷವಾಗಿದ್ದರೂ ಆ ಮಾತು ಸತ್ತಿರಲಿಲ್ಲ, ತಾಲೂಕಿನ ಗಡಿ ದಾಟಿ ಬಂದಿತ್ತು.

ಗಂಡ ಹೆಂಡತಿ ಊರು ಬಿಟ್ಟು ರಾಯಚೂರಿಗೆ ಬಂದರು. ಸುಂಕಪ್ಪನಿಗೆ ಕಾಳಿನ ಮಾರುಕಟ್ಟೆಯಾದ ಗಂಜಿನಲ್ಲಿ ಹಮಾಲಿ, ಬೂದೆಮ್ಮನಿಗೆ ಹತ್ತಿ ಬಿಡಿಸುವ ಜಿನ್ನಿನಲ್ಲಿ ಕೂಲಿ. ಅವಳು ದಿನಾ ಹೋಗಿಬರುವ ದಾರಿಯಲ್ಲಿ, ತೀನ್ ಕಂದೀಲ್ ವೃತ್ತದ ಹತ್ತಿರದ ಗಲ್ಲಿಯೊಂದರಲ್ಲಿ, ಒಂದು ರೇಡಿಯೋ ರಿಪೇರಿ ಅಂಗಡಿ ಇತ್ತು. ಅದನ್ನು ನಡೆಸುತ್ತಿದ್ದವಳು ಮುನವ್ವರ್ ಬೀ. ಗಂಡ ತೀರಿಕೊಂಡ ಮೇಲೆ ಅಂಗಡಿ ಮುಚ್ಚು ಎಂದ ಮೈದುನರ ಮಾತು ಕೇಳದೆ, ಅವನ ಸ್ಟೂಲಿನ ಮೇಲೆ ತಾನೇ ಕೂತವಳು.

ಒಂದು ಸಂಜೆ ಅಂಗಡಿಯ ಮುಂದೆ ನಾಲ್ಕಾರು ಜನ ಸೇರಿದ್ದರು. ಮುನವ್ವರ್ ಬೀ ಬಿದಿರಿನ ಕೋಲೊಂದನ್ನು ಹಿಡಿದು ರಸ್ತೆಯ ಮೇಲೆ ನಿಧಾನ ನಡೆಯುತ್ತಿದ್ದಳು. ಕೋಲಿನ ತುದಿಗೆ ಮೊರದಷ್ಟು ಅಗಲದ ಹಲಗೆ, ಅದರ ಅಂಚಿಗೆ ತಾಮ್ರದ ತಂತಿ ಸುತ್ತಿತ್ತು. ನಡುವೆ ಒಂದು ಟ್ರಾನ್ಸಿಸ್ಟರ್ ಕಟ್ಟಿತ್ತು. ಅವಳ ಕಿವಿಯಲ್ಲಿ ಇಯರ್‌ಫೋನು. ಒಂದು ಕಡೆ ನಿಂತು ಕಾಲಿನಿಂದ ಗುರುತು ಹಾಕಿದಳು. ನಲ್ಲಿ ರಿಪೇರಿಯವನು ಅಲ್ಲಿ ಅಗೆದ. ಡಾಂಬರಿನ ಕೆಳಗೆ ಮುಚ್ಚಿಹೋಗಿದ್ದ ಕಬ್ಬಿಣದ ವಾಲ್ವು ಸಿಕ್ಕಿತು.

ಜನ ಚದುರುವವರೆಗೆ ಬೂದೆಮ್ಮ ಕಾದಳು.

“ಇದು ಬೆಳ್ಳಿ ಹುಡುಕ್ತದೇನ್ರಿ ಬೀಬಿ?”

“ನಿಧಿ ಹುಡುಕೋರು ಭಾಳ ಮಂದಿ ಬರ್ತಾರ. ಅವರಿಗೆ ಹೇಳೋದನ್ನ ನಿನಗೂ ಹೇಳ್ತೀನಿ. ಮನಿಗಿ ಹೋಗು.”

“ನಿಧಿ ಅಲ್ರಿ. ನಮ್ಮಪ್ಪ ಹೂಳಿದ್ದು. ತೆಗದು ಅವರ ಮುಂದ ಇಡಬೇಕು.”

“ಇಟ್ಟರ ನಿನಗೇನು ಸಿಗತದ?”

“ಏನೂ ಬ್ಯಾಡ್ರಿ. ಅವನಿಗಿ ಕಳ್ಳ ಅಂದವರ ಮಾರಿ ನೋಡಬೇಕು.”

ಮುನವ್ವರ್ ಬೀ ಅವಳನ್ನು ಒಳಗೆ ಕರೆದು ಕೂರಿಸಿ ಎಲ್ಲವನ್ನೂ ಕೇಳಿದಳು. ಕೊನೆಗೆ, “ನಾ ಬರಾಕ ಆಗಂಗಿಲ್ಲ. ನೀನೇ ಕಲಿ,” ಎಂದಳು.

ಅಂದಿನಿಂದ ಜಿನ್ನಿನ ಪಾಳಿ ಮುಗಿದ ಮೇಲೆ ಬೂದೆಮ್ಮ ಅಂಗಡಿಯ ಹಿತ್ತಲಿಗೆ ಹೋಗತೊಡಗಿದಳು. ಅಲ್ಲೊಂದು ಉಸುಕಿನ ಗುಡ್ಡೆ ಇತ್ತು. ಮುನವ್ವರ್ ಬೀ ಅದರಲ್ಲಿ ಒಂದೊಂದು ವಸ್ತು ಮುಚ್ಚಿಡುವಳು, ಬೂದೆಮ್ಮ ಕಿವಿಯಿಂದ ಹುಡುಕುವಳು. ಯಂತ್ರ ಮೊದಲಿಗೆ ಗುಂಯ್ ಎಂದು ಒಂದೇ ಸಮನೆ ಮೊರೆಯುತ್ತದೆ. ತಂತಿಯ ಕೆಳಗೆ ಕಬ್ಬಿಣ ಬಂದರೆ ದನಿ ಇಳಿದು ದಪ್ಪವಾಗುತ್ತದೆ. ಬೆಳ್ಳಿ, ತಾಮ್ರ ಬಂದರೆ ಏರಿ ಸಣ್ಣಗಾಗುತ್ತದೆ.

“ಇಷ್ಟೇ ಅಂತ ತಿಳಕೋಬ್ಯಾಡ,” ಎಂದಳು ಮುನವ್ವರ್ ಬೀ. “ಡಬ್ಬಿ ಮುಚ್ಚಳ ತಗಡು ನೋಡು, ಅದು ಕಬ್ಬಿಣ. ಆದ್ರೂ ಅಗಲ ಇರತದಲ್ಲ, ಬೆಳ್ಳಿ ಹಂಗ ದನಿ ಏರಸ್ತದ. ಸುಳ್ಳುಬುರುಕ ಅದು.”

“ಮತ್ತ ಹೆಂಗ ತಿಳೀಬೇಕ್ರಿ?”

“ಕೋಲು ಮ್ಯಾಲೆತ್ತು. ಗೇಣು ಎತ್ತಿದ ಕೂಡ್ಲೆ ದನಿ ಹೋತು ಅಂದ್ರ ಮ್ಯಾಲಿಂದು, ಸಣ್ಣದು. ಎತ್ತಿದಂಗ ಎತ್ತಿದಂಗ ನಿಧಾನ ಹೋತು ಅಂದ್ರ ಆಳಕ್ಕದ, ದೊಡ್ಡದದ. ಇನ್ನೊಂದು. ಬಿಸಿಲಿಗಿ ಯಂತ್ರ ಕಾಯತದ. ನೆಲದಾಗ ಏನಿಲ್ಲಂದ್ರೂ ದನಿ ತಾನಾಗೇ ಜಾರತದ. ಆಗ ನೆರಳಿಗಿ ಕೂತು, ತಿರುಪು ತಿರುವಿ ಮೊದಲಿನ ದನಿಗಿ ತರಬೇಕು. ಗಡಿಬಿಡಿ ಮಾಡಿದಾಕಿಗಿ ಇದು ಏನೂ ಹೇಳಂಗಿಲ್ಲ.”

ಮುನವ್ವರ್ ಬೀ ತನ್ನ ಬೆಳ್ಳಿಯ ಕಾಲ್ಗಡಗವನ್ನೇ ಬಿಚ್ಚಿ ಉಸುಕಿನಲ್ಲಿ ಹೂಳುತ್ತಿದ್ದಳು. ಮೊದಮೊದಲು ಬೂದೆಮ್ಮ ಕುದುರೆಲಾಳವನ್ನು ಬೆಳ್ಳಿ ಎಂದಳು, ಬೆಳ್ಳಿಯನ್ನು ಏನೂ ಇಲ್ಲ ಎಂದಳು. ಮನೆಯಲ್ಲಿ ಮಲಗಿದರೂ ಕಿವಿಯಲ್ಲಿ ಆ ಮೊರೆತವೇ. ಎರಡು ತಿಂಗಳಾದ ಮೇಲೆ ಒಂದು ದಿನ ಹತ್ತು ಸಲಕ್ಕೆ ಹತ್ತೂ ಸಲ ಸರಿ ಹೇಳಿದಳು. ಮುನವ್ವರ್ ಬೀ ಹೊಸ ಸೆಲ್ಲು ಹಾಕಿ ಯಂತ್ರವನ್ನು ಹಳೇ ಚಾದರದಲ್ಲಿ ಸುತ್ತಿ ಕೊಟ್ಟಳು.

ಎಂಬತ್ತೊಂದರ ಮಾರ್ಚಿನಲ್ಲಿ ಜಿನ್ನಿನ ಹಂಗಾಮು ಮುಗಿಯಿತು. ಬೂದೆಮ್ಮ, ಸುಂಕಪ್ಪ ಜಾಲಹಳ್ಳಿಯಲ್ಲಿ ಬಸ್ಸಿಳಿದು ಗೂಗಿಬಂಡಿಗೆ ನಡೆದರು. ರಾತ್ರಿ ಕೇರಿಯಲ್ಲಿ ಸೋದರತ್ತೆ ಮಾರೆಮ್ಮನ ಮನೆಯಲ್ಲಿ ಮಲಗಿ, ಹೊತ್ತು ಮೂಡಿದ ಕೂಡಲೇ ಕಣಕ್ಕೆ ಹೋದರು. ರಾಶಿ ಮುಗಿದಿತ್ತು. ಒಂದು ಬದಿಗೆ ಜೋಳದ ಒಣದಂಟಿನ, ಅಂದರೆ ಕಣಕಿಯ, ದೊಡ್ಡ ಬಣವಿ, ನಡುವೆ ಮೇಟಿ. ಬೂದೆಮ್ಮ ಮೇಟಿಯನ್ನು ಒಮ್ಮೆ ನೋಡಿ, ಇಯರ್‌ಫೋನು ಕಿವಿಗಿಟ್ಟುಕೊಂಡಳು.

ಸುದ್ದಿ ಹೋಗಲು ತಡವಾಗಲಿಲ್ಲ. ಹೊಡೆಸಿದ ಗೌಡ ಆಗಲೇ ಸತ್ತಿದ್ದ. ಈಗಿನವನು ಅವನ ಮಗ ಅಮರೇಗೌಡ, ಮೂವತ್ತಾರರ ವಯಸ್ಸು. ಆಳು ಪರಮಣ್ಣನನ್ನು ಹಿಂದಿಟ್ಟುಕೊಂಡು ಬಂದ. ಅರ್ಧ ಊರು ಅವನ ಹಿಂದೆ.

“ಯಾರ ಅಪ್ಪಣಿ ತಗೊಂಡು ಕಣಕ್ಕ ಕಾಲಿಟ್ಟಿ?”

“ನಮ್ಮಪ್ಪ ಹೂಳಿದ್ದನ್ನ ತೆಗದು ಕೊಡಾಕ ಬಂದೀನ್ರಿ. ಅಮ್ಮನ ಬೆಳ್ಳಿ ನಮಗ ಬ್ಯಾಡ ಅಂತ ಊರ ಮುಂದ ಹೇಳ್ರಿ, ಹೋಗ್ತೀನಿ.”

ಅಮರೇಗೌಡ ಹಿಂದೆ ನಿಂತ ಜನರನ್ನು ನೋಡಿದ. ಅಂಥ ಮಾತು ಆಡುವ ಹಾಗಿರಲಿಲ್ಲ.

“ಸಿಗಲಿಲ್ಲಂದ್ರ?”

“ನಾಳಿ ಬರ್ತೀನಿ.”

“ನಾಳಿನೂ ಸಿಗಲಿಲ್ಲಂದ್ರ ನೆಲಕ್ಕ ಮೂಗು ತಿಕ್ಕಿ ತಪ್ಪಾತು ಅಂತೀಯೇನು?”

“ಇಲ್ರಿ. ನಾಡದು ಬರ್ತೀನಿ.”

ಯಾರೋ ನಕ್ಕರು. ಗೌಡ ಕಲ್ಲಿನ ಮೇಲೆ ಕೂತು, “ನಡೀಲಿ, ನೋಡೂಣು,” ಎಂದ.

ಬೂದೆಮ್ಮ ಕಣವನ್ನು ಪಟ್ಟಿಪಟ್ಟಿಯಾಗಿ ನಡೆಯತೊಡಗಿದಳು. ಸ್ವಲ್ಪ ಹೊತ್ತಿಗೆ ದನಿ ಇಳಿಯಿತು.

“ಕಬ್ಬಿಣ. ಅಗಿಯೋದು ಬ್ಯಾಡ,” ಎಂದು ಮುಂದೆ ಹೋದಳು.

“ಬೆಳ್ಳಿ ಬಚ್ಚಿಡಾಕ ಹಂಗ ಅಂತಾಳ. ಅಗಿಯೋ ಪರಮಣ್ಣ,” ಎಂದ ಗೌಡ. ಪರಮಣ್ಣ ಗುದ್ದಲಿ ಹಾಕಿದ. ಬಂಡಿಗಾಲಿಯ ತುಕ್ಕು ಹಿಡಿದ ಪಟ್ಟಿ ಬಂತು. ಜನ ಒಬ್ಬರನ್ನೊಬ್ಬರು ನೋಡಿಕೊಂಡರು. ಮುದುಕರಿಬ್ಬರು ಹತ್ತಿರ ಬಂದು ಕೂತರು.

ಬಿಸಿಲು ಏರಿತು. ಎರಡು ತಾಸಾದ ಮೇಲೆ ದನಿ ಒಮ್ಮೆಲೇ ಚುರುಕಾಗಿ ಏರಿತು. ಬೂದೆಮ್ಮನಿಗೆ ಕೋಲು ಎತ್ತಿ ನೋಡುವ ವ್ಯವಧಾನ ಇರಲಿಲ್ಲ. “ಇಲ್ಲಿ,” ಎಂದುಬಿಟ್ಟಳು. ಸುಂಕಪ್ಪ ನಾಲ್ಕು ಏಟು ಅಗೆಯುವುದರೊಳಗೆ ಡಾಲ್ಡಾ ಡಬ್ಬಿಯ ಮುಚ್ಚಳ ಹೊರಬಂತು. ನಗೆ ಅಲೆಯಂತೆ ಎದ್ದಿತು. ಪರಮಣ್ಣ ಅದನ್ನು ತಲೆಯ ಮೇಲಿಟ್ಟುಕೊಂಡು, “ಅಮ್ಮನ ಕಿರೀಟ ಸಿಕ್ತು ನೋಡ್ರಿ,” ಎಂದ.

“ನಡಿ ಹೋಗಾಮು,” ಎಂದು ಸುಂಕಪ್ಪ ಮೆಲ್ಲಗೆ ಹೇಳಿದ.

“ತಪ್ಪು ಯಂತ್ರದ್ದಲ್ಲ, ನಂದು,” ಎಂದಳು ಬೂದೆಮ್ಮ, ಎಲ್ಲರಿಗೂ ಕೇಳುವಂತೆ. “ಎತ್ತಿ ನೋಡಬೇಕಿತ್ತು. ನೋಡಲಿಲ್ಲ.” ಬೇವಿನ ನೆರಳಿಗೆ ಹೋಗಿ ಕೂತು, ನೀರು ಕುಡಿದು, ತಿರುಪು ತಿರುವಿ ದನಿಯನ್ನು ಸರಿಮಾಡಿಕೊಂಡಳು. ನಗುವವರು ನಗುತ್ತಲೇ ಇದ್ದರು. ಅವಳು ಎದ್ದು ಬಿಟ್ಟಲ್ಲಿಂದಲೇ ಶುರು ಮಾಡಿದಳು.

ಇಳಿಹೊತ್ತಿಗೆ ಬಣವಿಯ ಅಂಚಿಗೆ ಬಂದಾಗ ದನಿ ಬದಲಾಯಿತು. ಚುರುಕಾಗಿ ಅಲ್ಲ. ತೂಗುತ್ತ ಮೆಲ್ಲಗೆ ಏರಿತು. ಅವಳು ಗೇಣು ಎತ್ತಿದಳು. ದನಿ ಇತ್ತು. ಇನ್ನೊಂದು ಗೇಣು ಎತ್ತಿದಳು. ಬಡವಾಯಿತು, ಹೋಗಲಿಲ್ಲ. ಕೋಲನ್ನು ಬಣವಿಯ ಕಡೆಗೆ ತಳ್ಳಿದಷ್ಟೂ ಏರುತ್ತಿತ್ತು, ಈಚೆ ಎಳೆದರೆ ಇಳಿಯುತ್ತಿತ್ತು. ಮೂರು ಸಲ ನೋಡಿದಳು. ಮೂರು ಸಲವೂ ಹಾಗೇ.

“ಬಣವಿ ಬುಡಕ್ಕದ. ಇದನ್ನ ಸರಿಸಬೇಕು.”

ಅಮರೇಗೌಡ ಎದ್ದುನಿಂತ. “ನಿನ್ನ ಮಾತಿಗಿ ನಾ ಬಣವಿ ಕಿತ್ತಾಕಲೇನು? ಕಣಕಿಗೆ ಯಾರರೆ ಕೈ ಹಚ್ಚಿದ್ರ ನೋಡ್ರಿ. ನಾಳಿ ದೇವದುರ್ಗದಿಂದ ಪೊಲೀಸರನ್ನ ಕರಸ್ತೀನಿ.”

“ಕರಸ್ರಿ. ಅವರ ಮುಂದ ಸಿಕ್ಕರ ಇನ್ನೂ ಚಲೋ,” ಎಂದಳು ಬೂದೆಮ್ಮ.

ಮರುದಿನ ಬೆಳಿಗ್ಗೆ ಅವಳೂ ಸುಂಕಪ್ಪನೂ ಬಣವಿಗೆ ಕೈಹಚ್ಚಿದರು. ಕಣಕಿಯ ಕಟ್ಟನ್ನು, ಒಂದೊಂದೇ ಸಿವುಡನ್ನು, ಎಳೆದು ಪಕ್ಕಕ್ಕೆ ಅಚ್ಚುಕಟ್ಟಾಗಿ ಒಟ್ಟತೊಡಗಿದರು. ಪರಮಣ್ಣ ಬಂದು ಸುಂಕಪ್ಪನ ರಟ್ಟೆ ಹಿಡಿದ. ಸುಂಕಪ್ಪ ಜಗಳವಾಡಲಿಲ್ಲ. ಬಿಡಿಸಿಕೊಂಡು ಮತ್ತೊಂದು ಸಿವುಡು ಎಳೆದ. ಅಷ್ಟರಲ್ಲಿ ಮಾರೆಮ್ಮ ಕೋಲೂರಿಕೊಂಡು ಬಂದಳು, ಎಪ್ಪತ್ತರ ಮುದುಕಿ.

“ಅವತ್ತು ನಮ್ಮಣ್ಣಗ ಹೊಡಿಯಾಗ ನಾ ಸುಮ್ಮನ ನಿಂತಿದ್ದೆ,” ಎಂದಳು. “ಇವತ್ತು ನಿಂದ್ರಂಗಿಲ್ಲ.” ಕೋಲು ಒಗೆದು ಸಿವುಡಿಗೆ ಕೈಹಾಕಿದಳು. ಅವಳ ಹಿಂದೆ ಕೇರಿಯ ಹೆಂಗಸರು ಇಬ್ಬರು ಬಂದರು, ಆಮೇಲೆ ಐದು ಜನ, ಆಮೇಲೆ ಎಣಿಸಲಾಗದಷ್ಟು. ಪರಮಣ್ಣ ಯಾರನ್ನು ಹಿಡಿಯಬೇಕೆಂದು ತಿಳಿಯದೆ ನಿಂತ.

ಬಣವಿ ಅರ್ಧ ಸರಿಯುವ ಹೊತ್ತಿಗೆ ಗೌಡ ಕರೆಸಿದ ಪೊಲೀಸಪ್ಪನೂ ಊರಿನ ಲೆಕ್ಕಿಗ ತಲಾಟಿಯೂ ಸೈಕಲ್ ಮೇಲೆ ಬಂದರು. ಬೂದೆಮ್ಮ ಅವರತ್ತ ತಿರುಗಲಿಲ್ಲ. ಬರಿದಾದ ನೆಲದ ಮೇಲೆ ಕೋಲು ಆಡಿಸುತ್ತಿದ್ದಳು. ದನಿ ಏರಿತು, ಏರಿ ನಿಂತಿತು. ಎತ್ತಿದಳು, ಇಳಿಸಿದಳು. ನಾಲ್ಕೂ ದಿಕ್ಕಿನಿಂದ ಬಂದು ನೋಡಿದಳು. ಮೊರದಷ್ಟು ಜಾಗಕ್ಕೆ ಕಾಲಿನಿಂದ ಗೆರೆ ಎಳೆದು, “ಇಲ್ಲಿ ಅಗೀರಿ,” ಎಂದಳು.

ಮೊಳದಷ್ಟು ಇಳಿದಾಗ ಗುದ್ದಲಿ ಠಣ್ ಎಂದಿತು. ಹಸಿರು ಹಿಡಿದ ತಾಮ್ರದ ಕೊಡ, ಬಾಯಿಗೆ ಬಟ್ಟೆ ಕಟ್ಟಿದ ಗುರುತು.

“ನೀ ಮುಟ್ಟಬ್ಯಾಡ,” ಎಂದ ಅಮರೇಗೌಡ. “ಪೂಜಾರಿನ್ನ ಕರೀರಿ.”

“ಇಡಾಗ ನಮ್ಮಪ್ಪನ ಕೈ ಬೇಕಾಗಿತ್ತು. ತೆಗಿಯಾಗ ನನ್ನ ಕೈ ಯಾಕ ಬ್ಯಾಡ?” ಬೂದೆಮ್ಮ ಗುಂಡಿಯಲ್ಲಿ ಮಂಡಿಯೂರಿ ಕೊಡವನ್ನು ಎದೆಗವಚಿ ಎತ್ತಿದಳು. ಮೇಲೆ ತಂದು, ಒಳಗೆ ಕೈಹಾಕಿ, ಒಂದೊಂದಾಗಿ ತೆಗೆದು ಚಾದರದ ಮೇಲಿಟ್ಟಳು. ಬೆಳ್ಳಿ ಕರಿಯಾಗಿತ್ತು. ಮುಖದ ಮೂಗು, ತುಟಿ, ದೊಡ್ಡ ಕಣ್ಣು ಹಾಗೇ ಇದ್ದವು. ಕಿರೀಟ. ಎರಡು ಪಾದ. ಯಾವುದೂ ಕಡಿಮೆಯಿರಲಿಲ್ಲ.

ಜನ ಕೈಮುಗಿದರು. “ಅಮ್ಮ ತಾನೇ ಎದ್ದು ಬಂದ್ಲು,” ಎಂದ ಒಬ್ಬ. “ಆಕಿ ಮನಸ್ಸು ಮಾಡಿದ್ಲು, ಬಂದ್ಲು,” ಎಂದ ಇನ್ನೊಬ್ಬ. ಗಡಿಗೆಪ್ಪನ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಅಮರೇಗೌಡನ ಮುಖಕ್ಕೂ ಮತ್ತೆ ಕಳೆ ಬಂತು. “ಬೂದೆಮ್ಮಗ ಒಂದು ಸೀರಿ, ಕುಬಸದ ಖಣ ಕೊಟ್ಟು ಕಳಸ್ರಿ,” ಎಂದ.

“ಸೀರಿ ಬ್ಯಾಡ. ನಮ್ಮಪ್ಪ ಕದ್ದಿಲ್ಲ ಅಂತ ಹೇಳ್ರಿ.”

ಗೌಡ ಆಚೆ ಮುಖ ತಿರುಗಿಸಿದ. ಆಗ ಜನರ ನಡುವಿನಿಂದ ಅವನ ತಾಯಿ ಬಸವಂತಮ್ಮ ಮುಂದೆ ಬಂದಳು. ಅರವತ್ತು ದಾಟಿದವಳು, ಕಣಕ್ಕೆ ಬಂದು ವರ್ಷಗಳಾಗಿದ್ದವು.

“ಗಡಿಗೆಪ್ಪ ಕದ್ದಿಲ್ಲ,” ಎಂದಳು. “ಹಳೇ ಮೇಟಿ ಗಲಾಟಿಯಾಗ ಸುಟ್ಟಿತ್ತು. ಹೊಸಾದನ್ನ ನಮ್ಮ ಮನಿಯವರು ಬ್ಯಾರೆ ಕಡಿ ನೆಡಸಿದ್ರು. ನಾ ನೋಡಿದ್ದೆ. ಅವನಿಗಿ ಹೊಡದ ಮ್ಯಾಲ ಅವರಿಗೆ ನೆನಪು ಮಾಡಿದೆ. ಕದ್ದು ಒಂದೆರಡು ಕಡಿ ಅಗಸಿ ನೋಡಿದ್ರು, ಸಿಗಲಿಲ್ಲ. ಆಳಿನ ಮುಂದ ತಪ್ಪು ಒಪ್ಕೊಳ್ಳಲೇನು ಅಂತ ಬಿಟ್ರು.”

“ಮೂವತ್ತೆರಡು ವರ್ಷ ನಿಮಗ ಗೊತ್ತಿತ್ತೇನ್ರಿ ಯವ್ವಾ?”

“ಗೊತ್ತಿತ್ತು. ಸೊಸಿ ಇದ್ದೆ, ಅಂಜಿದೆ. ಆಮ್ಯಾಲ ಅತ್ತಿ ಆದೆ, ಆಗೂ ಅಂಜಿದೆ. ಮನಸಿನ್ಯಾಗ ಇಟ್ಕೋಬ್ಯಾಡ ಬೂದೆಮ್ಮ.”

“ಇಟ್ಕೋತೀನಿ,” ಎಂದಳು ಬೂದೆಮ್ಮ. “ಹೇಳಿದ್ದು ಚಲೋ ಆತು. ಆದ್ರ ಇಟ್ಕೋತೀನಿ.”

ತಲಾಟಿ ಬೇವಿನ ಕೆಳಗೆ ಕೂತು ಪಂಚನಾಮೆ ಬರೆದ. ಕೊಡ ಒಂದು, ಮುಖ ಒಂದು, ಕಿರೀಟ ಒಂದು, ಪಾದ ಎರಡು. ಓದಿ ಹೇಳಿ, ಕಾಗದವನ್ನು ಬೂದೆಮ್ಮನ ಮುಂದಿಟ್ಟ. ಹುಡುಕಿ ತೆಗೆದವರ ಸಹಿ ಬೇಕಿತ್ತು.

“ಗಡಿಗೆಪ್ಪ ಹೂಳಿದ್ದು, ಅವನು ಹೇಳಿದಂಗ ಕಣದಾಗೇ ಸಿಕ್ತು ಅಂತ ಬರೀರಿ.”

“ಅದನ್ನೆಲ್ಲ ಬರಿಯೋದಿಲ್ಲಮ್ಮ. ಮಾಲು ಏನು ಸಿಕ್ಕತು ಅಷ್ಟೇ.”

“ಹಂಗಾರ ಸಹಿ ಮಾಡಂಗಿಲ್ಲ.”

ತಲಾಟಿ ಪೊಲೀಸಪ್ಪನನ್ನು ನೋಡಿದ, ಪೊಲೀಸಪ್ಪ ಗೌಡನನ್ನು ನೋಡಿದ. ಬೂದೆಮ್ಮ ಕೊಡದ ಪಕ್ಕದಲ್ಲಿ ಚಕ್ಕಂಬಕ್ಕಳ ಹಾಕಿ ಕೂತಳು. ಕೇರಿಯ ಹೆಂಗಸರೂ ಸುತ್ತ ಕೂತರು. ಬಿಸಿಲು ನೆತ್ತಿಗೆ ಬಂತು. ತಲಾಟಿ ಎರಡು ಸಲ ಟೋಪಿ ತೆಗೆದು ಬೆವರು ಒರೆಸಿಕೊಂಡ. ಕೊನೆಗೆ, “ಬರೀರಿ ಮಾರಾಯ್ರೆ, ಹೊತ್ತಾತು,” ಎಂದವನು ಪೊಲೀಸಪ್ಪ. ತಲಾಟಿ ಕೆಳಗೆ ಎರಡು ಸಾಲು ಸೇರಿಸಿದ. ಬೂದೆಮ್ಮ ಅದನ್ನು ಮೂರು ಸಲ ಓದಿಸಿ ಕೇಳಿದಳು. ಆಮೇಲೆ ಸಹಿ ಮಾಡಿದಳು. ಸಾಕ್ಷಿಯ ಜಾಗದಲ್ಲಿ ಬಸವಂತಮ್ಮ ಹೆಬ್ಬೆಟ್ಟು ಒತ್ತಿದಳು. ಅಮರೇಗೌಡ ಅಷ್ಟರಲ್ಲಿ ಮನೆಗೆ ಹೋಗಿದ್ದ.

ಬೆಳ್ಳಿ ತಾಲೂಕು ಕಚೇರಿಯಲ್ಲಿ ಎರಡು ವರ್ಷ ಇದ್ದು ಗುಡಿಗೆ ಮರಳಿತು. ಅಮ್ಮನಿಗೆ ಮುಖ ಏರಿಸುವ ದಿನ ಬೂದೆಮ್ಮನಿಗೂ ಕರೆ ಬಂತು, ಅವಳು ಹೋಗಲಿಲ್ಲ. ‘ಗಡಿಗೆಪ್ಪ ಕದ್ದಿಲ್ಲ’ ಎಂಬ ಮಾತನ್ನು ಗೌಡ ಕೊನೆಗೂ ಹೇಳಲಿಲ್ಲ.

ಪಂಚನಾಮೆಯ ದಿನ ಅವರು ಕಣದಿಂದ ಹೊರಟಾಗ ಹೊತ್ತು ಇಳಿದಿತ್ತು. ಜಾಲಹಳ್ಳಿಯ ದಾರಿ ಗೌಡರ ಓಣಿಯ ಮೇಲೆಯೇ ಹಾಯ್ದು ಹೋಗುತ್ತದೆ. ಆ ಓಣಿಯಲ್ಲಿ ಕೇರಿಯವರು ಚಪ್ಪಲಿಯನ್ನು ಕೈಯಲ್ಲಿ ಹಿಡಿದು ನಡೆಯುವುದು ರೂಢಿ. ಓಣಿಯ ಬಾಯಿಗೆ ಬಂದಾಗ ಸುಂಕಪ್ಪ ಬಗ್ಗಿ ಚಪ್ಪಲಿಗೆ ಕೈಹಾಕಿದ.

“ಬಿಡ್ರಿ. ಕಾಲಾಗೇ ಇರಲಿ,” ಎಂದಳು ಬೂದೆಮ್ಮ.

“ಕಟ್ಟಿ ಮ್ಯಾಲ ಕುಂತಾರ ನೋಡು.”

“ಕುಂದ್ರಲಿ.”

ಅವಳು ಯಂತ್ರವನ್ನು ಹೆಗಲಿಗೇರಿಸಿ ಮುಂದೆ ನಡೆದಳು. ಸುಂಕಪ್ಪ ಒಂದು ಗಳಿಗೆ ಹಾಗೇ ಬಗ್ಗಿ ನಿಂತಿದ್ದ. ಆಮೇಲೆ ನೆಟ್ಟಗಾಗಿ ಅವಳ ಪಕ್ಕಕ್ಕೆ ಬಂದ. ಕಟ್ಟೆಯ ಮೇಲಿದ್ದವರ ಮಾತು ನಿಂತಿತು. ಇಬ್ಬರ ಚಪ್ಪಲಿಯ ಸದ್ದು ಓಣಿಯ ಉದ್ದಕ್ಕೂ ಕೇಳುತ್ತಿತ್ತು. ಬೂದೆಮ್ಮ ಬೇಗ ನಡೆಯಲಿಲ್ಲ.